ಘಟ್ಟ ಇಳಿದರೆ ಟ್ರೇಲರ್ ಫ್ರಿಜ್ ಆಫ್, ಬ್ಯಾಟರಿ ಮಾತ್ರ ಫುಲ್

ಶಿರಸಿ ಸವಾರ:
ಎಲ್ಲರಿಗೂ ನಮಸ್ಕಾರ. ಬೊಲೆರೊ ಹಿಂದೆ ಎಳೆಯುವ ಸಣ್ಣ ಕ್ಯಾಂಪರ್ ಟ್ರೇಲರ್ ಇದೆ. 100 ಎಎಚ್ (ಆಂಪಿಯರ್-ಅವರ್) ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಅಂಗಳದಲ್ಲಿ ನಿಂತಾಗ ಎಲ್ಲ ಸರಿ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಫ್ರಿಜ್ ಆಫ್, ಲೋ ವೋಲ್ಟೇಜ್ ಎರರ್. ಯಾಣದ ರಸ್ತೆಯಲ್ಲೂ ಹಾಗೇ. ಬ್ಯಾಟರಿಯಲ್ಲಿ ನೋಡಿದರೆ 13.1 ವೋಲ್ಟ್ ಇರುತ್ತದೆ. ಹೊಸ ಬ್ಯಾಟರಿ ಹಾಕಬೇಕಾ?

ಬೈತ್‌ಕೋಲ್ ಬೋಟ್ ವೈರಿಂಗ್:
ದುಡ್ಡು ಹಾಕಬೇಡಿ ಮಾರಾಯ್ರೆ, ಮೊದಲು ಅಳೆಯಿರಿ. ಫ್ರಿಜ್ ಓಡುತ್ತಿರುವಾಗಲೇ ಅಳೆಯಬೇಕು. ಲೋಡ್ ಇಲ್ಲದಿದ್ದರೆ ವೈರಿನ ಒಂದೇ ಎಳೆ ಅಂಟಿಕೊಂಡಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಫ್ರಿಜ್‌ನ ನೆಗೆಟಿವ್‌ಗೆ. ಮೀಟರ್ ತೋರಿಸುವಷ್ಟು ವೋಲ್ಟ್ ದಾರಿಯಲ್ಲೇ ನಷ್ಟ ಆಗುತ್ತಿದೆ ಅಂತ ಅರ್ಥ. ಪಾಸಿಟಿವ್ ಕಡೆಯೂ ಹೀಗೇ ನೋಡಿ. ನೋಡುತ್ತಾ ಇನ್ನೊಬ್ಬರ ಕೈಲಿ ವೈರ್ ಅಲುಗಾಡಿಸಿ. ವೈರ್ ಎಷ್ಟು ದಪ್ಪ, ಎಷ್ಟು ಉದ್ದ ಅಂತಲೂ ಹೇಳಿ.

ಶಿರಸಿ ಸವಾರ:
ಪಾಸಿಟಿವ್ 2.5 ಸ್ಕ್ವೇರ್ ಎಂಎಂ, ಸುಮಾರು 5 ಮೀಟರ್. ನೆಗೆಟಿವ್‌ಗೆ ಬೇರೆ ವೈರ್ ಇಲ್ಲ, ಚಾಸಿಗೇ ಬೋಲ್ಟ್ ಮಾಡಿದ್ದಾರೆ. ಫ್ರಿಜ್ 5 ಆಂಪ್ಸ್ ಎಳೆಯುತ್ತದೆ. ಪಾಸಿಟಿವ್ ಕಡೆ 0.2 ವೋಲ್ಟ್. ನೆಗೆಟಿವ್ ಕಡೆ ಸುಮ್ನೆ ಇದ್ದಾಗ 0.3. ಚಾಸಿ ಬೋಲ್ಟ್ ಹತ್ತಿರ ಅಲುಗಾಡಿಸಿದರೆ 1.9ಕ್ಕೆ ಹಾರುತ್ತದೆ!

ಬೈತ್‌ಕೋಲ್ ಬೋಟ್ ವೈರಿಂಗ್:
ಸಿಕ್ಕಿತು ಅಲ್ವಾ! ಲೆಕ್ಕ ನೋಡಿ. 2.5 ಎಂಎಂ ತಾಮ್ರ, 5 ಮೀಟರ್, 5 ಆಂಪ್ಸ್ ಅಂದರೆ ಸುಮಾರು 0.18 ವೋಲ್ಟ್ ಇಳಿಯಲೇಬೇಕು. ಪಾಸಿಟಿವ್ ವೈರ್ ಅಷ್ಟೇ ತಿನ್ನುತ್ತಿದೆ, ಅದು ಆರೋಗ್ಯವಾಗಿದೆ. ನೆಗೆಟಿವ್ ಬೋಲ್ಟ್‌ನಲ್ಲಿ 1.9 ಹೋದರೆ ಫ್ರಿಜ್‌ಗೆ ಸಿಗುವುದು 11 ಮಾತ್ರ. ಬೋಲ್ಟ್ ಬಿಚ್ಚಿ ನೋಡಿ, ಲಗ್ (ವೈರ್ ತುದಿಯ ಲೋಹದ ಬಳೆ) ಕೆಳಗೆ ಪೇಂಟ್ ಅಥವಾ ತುಕ್ಕು ಖಂಡಿತ ಇರುತ್ತದೆ. ಕುಲುಕಾಟಕ್ಕೆ ಸಡಿಲ ಆಗುತ್ತದೆ, ಕಡಲ ಗಾಳಿಯ ಉಪ್ಪು ಒಳಗೆ ಸೇರುತ್ತದೆ. ನಮ್ಮ ಬೋಟ್‌ಗಳಲ್ಲಿ ಜಾಸ್ತಿ ನೋಡುವ ಕಾಯಿಲೆ ಇದೇ.

ಚಾಸಿ ನಂಬುವುದನ್ನು ಬಿಡಿ. ಬ್ಯಾಟರಿಯಿಂದ ಫ್ರಿಜ್‌ವರೆಗೆ ಪಾಸಿಟಿವ್, ನೆಗೆಟಿವ್ ಎರಡೂ 4 ಸ್ಕ್ವೇರ್ ಎಂಎಂ ವೈರ್ ಹಾಕಿ. ಟಿನ್ ಕೋಟಿಂಗ್ ಇರುವ ಸಣ್ಣ ಎಳೆಗಳ ವೈರ್ ಸಿಕ್ಕರೆ ಅದೇ. ಲಗ್‌ಗೆ ಸೋಲ್ಡರ್ ಬೇಡ. ಸೋಲ್ಡರ್ ಎಳೆಗಳ ಒಳಗೆ ಹರಿದು ವೈರ್ ಗಟ್ಟಿ ಆಗುತ್ತದೆ. ಗಟ್ಟಿ ಭಾಗ ಮುಗಿಯುವ ಜಾಗದಲ್ಲೇ ಕುಲುಕಾಟಕ್ಕೆ ಎಳೆ ಒಂದೊಂದಾಗಿ ತುಂಡಾಗುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ಇಕ್ಕಳದಲ್ಲಿ ಒತ್ತಿದ್ದು ನಿಲ್ಲುವುದಿಲ್ಲ. ಪ್ರತಿ ಅಡಿಗೊಂದು ರಬ್ಬರ್ ಕ್ಲಾಂಪ್, ತಗಡಿನ ತೂತಿಗೆಲ್ಲ ಗ್ರೊಮೆಟ್ (ಅಂಚು ವೈರ್ ಕೊಯ್ಯದಂತೆ ಹಾಕುವ ರಬ್ಬರ್ ಬಳೆ). ಲಗ್ ಹತ್ತಿರ ವೈರ್ ಸ್ವಲ್ಪ ಸಡಿಲ ಬಿಡಿ.

ಹಾಗೇ, ಫ್ಯೂಸ್ ಎಲ್ಲಿದೆ?

ಶಿರಸಿ ಸವಾರ:
ಫ್ರಿಜ್ ಪಕ್ಕದಲ್ಲಿ.

ಬೈತ್‌ಕೋಲ್ ಬೋಟ್ ವೈರಿಂಗ್:
ಅದನ್ನು ಇವತ್ತೇ ಬದಲಿಸಿ. ನಡುವೆ ವೈರ್ ಸವೆದು ಚಾಸಿಗೆ ತಾಗಿದರೆ ಆ ಫ್ಯೂಸ್ ಹಾರುವುದೇ ಇಲ್ಲ, ವೈರೇ ಹೊತ್ತಿಕೊಳ್ಳುತ್ತದೆ. ಪಾಸಿಟಿವ್ ಟರ್ಮಿನಲ್‌ನಿಂದ ಗೇಣಿನ ಒಳಗೆ 15 ಆಂಪ್ಸ್ ಫ್ಯೂಸ್ ಹಾಕಿ. ಆಮೇಲೆ ಒಮ್ಮೆ ಘಟ್ಟ ಇಳಿದು, ಕುಮಟಾದಲ್ಲಿ ನಿಲ್ಲಿಸಿ ಇದೇ ರೀತಿ ಅಳೆದು ರೀಡಿಂಗ್ ಇಲ್ಲಿ ಹಾಕಿ.