ಬ್ರೌನ್ ರಿಂಗ್ ಬರ್ತಾನೇ ಇಲ್ಲ, ಆದ್ರೆ ಸಾಲ್ಟ್ ನೈಟ್ರೇಟೇ

ಪಿಯು_ಲ್ಯಾಬ್:
ಸೆಕೆಂಡ್ ಪಿಯು ಸಾಲ್ಟ್ ಅನಾಲಿಸಿಸ್ (ಕೊಟ್ಟ ಸಾಲ್ಟಲ್ಲಿ ಏನಿದೆ ಅಂತ ಕಂಡುಹಿಡಿಯೋದು) ಪ್ರಾಕ್ಟೀಸ್ ಮಾಡ್ತಿದೀವಿ. ಒಣ ಸಾಲ್ಟಿಗೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ಡು, ತಾಮ್ರದ ಚೂರು ಹಾಕಿ ಬಿಸಿ ಮಾಡಿದ್ರೆ ಕೆಂಪು-ಕಂದು ಹೊಗೆ ಚೆನ್ನಾಗೇ ಬರತ್ತೆ, ಆದ್ರೆ ಕನ್ಫರ್ಮೇಟರಿ ಟೆಸ್ಟ್‌ಗೆ ಹೋದ್ರೆ (ಸಾಲ್ಟ್ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಹಾಕಿ, ಟ್ಯೂಬ್ ಗೋಡೆಗುಂಟ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಬಿಟ್ರೆ ಎರಡೂ ಸೇರೋ ಕಡೆ ಕಂದು ರಿಂಗ್ ಬರ್ಬೇಕು) ರಿಂಗೇ ಇಲ್ಲ. ಟ್ಯೂಬ್ ಓರೆ ಹಿಡಿದು ಆಸಿಡ್ ನಿಧಾನಕ್ಕೇ ಬಿಡ್ತಿದೀನಿ, ಅಲ್ಲಾಡಿಸ್ತಾನೂ ಇಲ್ಲ. ಏನ್ ತಪ್ಪಾಗ್ತಿದೆ?

ಬ್ಯೂರೆಟ್:
ಫೆರಸ್ ಸಲ್ಫೇಟ್ ದ್ರಾವಣ ಯಾವ ಬಣ್ಣ ಇದೆ?

ಪಿಯು_ಲ್ಯಾಬ್:
ಶೆಲ್ಫಲ್ಲಿರೋ ಬಾಟಲಿದು. ಹಳದಿ ಇದೆ, ತಳದಲ್ಲಿ ತುಕ್ಕಿನ ಥರ ಗಸಿ.

ಬ್ಯೂರೆಟ್:
ಹಾಗಾದ್ರೆ ನಿಮ್ ಕೈ ಸರಿ ಇದೆ, ಬಾಟಲಿ ಕೆಟ್ಟಿದೆ. ಒಳ್ಳೇ ಫೆರಸ್ ದ್ರಾವಣ ತಿಳಿ ಹಸಿರು ಇರತ್ತೆ, ಗಾಳಿಯ ಆಕ್ಸಿಜನ್ ತಾಗ್ತಾ ತಾಗ್ತಾ ಫೆರಸ್ (ಕಬ್ಬಿಣದ +2 ರೂಪ) ಒಂದು ಎಲೆಕ್ಟ್ರಾನ್ ಕಳ್ಕೊಂಡು ಫೆರಿಕ್ (+3 ರೂಪ) ಆಗತ್ತೆ, ಹಳದಿ ಅದರದ್ದೇ. ಈ ಟೆಸ್ಟಲ್ಲಿ ಫೆರಸ್‌ಗೆ ಎರಡು ಕೆಲಸ: 3 ಫೆರಸ್ ಸೇರಿ ಒಂದು ನೈಟ್ರೇಟನ್ನ ನೈಟ್ರಿಕ್ ಆಕ್ಸೈಡ್‌ಗೆ ಇಳಿಸ್ತವೆ (ನೈಟ್ರೋಜನ್ +5ರಿಂದ +2ಕ್ಕೆ), ಆಮೇಲೆ ಉಳಿದಿರೋ ಫೆರಸ್ ಆ ನೈಟ್ರಿಕ್ ಆಕ್ಸೈಡನ್ನ ಹಿಡ್ಕೊಂಡಾಗ್ಲೇ ಕಂದು ಬಣ್ಣ. ಫೆರಿಕ್ ಎರಡಕ್ಕೂ ಬರಲ್ಲ. ಅನುಮಾನ ಇದ್ರೆ ಅದಕ್ಕೆ ಒಂದು ಹನಿ ಪೊಟ್ಯಾಸಿಯಂ ಥಯೋಸಯನೇಟ್ ಹಾಕಿ, ರಕ್ತದಂಥ ಕೆಂಪು ಬಂದ್ರೆ ಫೆರಿಕ್ ತುಂಬ್ಕೊಂಡಿದೆ ಅಂತ. ತಿಳಿ ಗುಲಾಬಿಗೆ ಗಾಬರಿ ಬೇಡ, ಹೊಸ ದ್ರಾವಣದಲ್ಲೂ ಚೂರು ಇದ್ದೇ ಇರತ್ತೆ.

ಹಳೇ_ಲ್ಯಾಬ್_ಅಸಿಸ್ಟೆಂಟ್:
ಬಾಟಲಿ ಚೆಲ್ಲಬೇಡಿ, ಸ್ವಲ್ಪ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ ಕಬ್ಬಿಣದ ಮೊಳೆ ಬಿಟ್ಟಿಡಿ. ಮೊಳೆ ಕರಗ್ತಾ ಫೆರಿಕ್ಕನ್ನ ವಾಪಸ್ ಫೆರಸ್ ಮಾಡತ್ತೆ, ಹಸಿರು ತಿರುಗತ್ತೆ.

ಬ್ಯೂರೆಟ್:
ಆಗತ್ತೆ ಸರ್, ಆದ್ರೆ ಅಷ್ಟು ಗಸಿ ಕೂತಿರೋದಕ್ಕೆ ಯಾಕೆ ಒದ್ದಾಟ. ಟೈಟ್ರೇಷನ್‌ಗೆ ಇಟ್ಟಿರೋ ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಹರಳು ನಾಲ್ಕು ತಗೊಂಡು, ತಣ್ಣೀರಲ್ಲಿ ಎರಡು ಹನಿ ಡೈಲ್ಯೂಟ್ ಸಲ್ಫ್ಯೂರಿಕ್ ಜೊತೆ ಆಗಿಂದಾಗ್ಲೇ ಕರಗಿಸಿದ್ರೆ ಮುಗೀತು. ಫೆರಸ್ ಸಲ್ಫೇಟ್ ಹರಳಿಗಿಂತ ಅದು ಗಾಳಿಗೆ ಹೆಚ್ಚು ತಡಿಯತ್ತೆ.

ಕೆಮಿಸ್ಟ್ರಿ_ಅಕ್ಕ:
ಇನ್ನೊಂದು. ಲೆಡ್ ನೈಟ್ರೇಟ್ ಕೊಟ್ರೆ ನೇರ ದ್ರಾವಣದಲ್ಲಿ ಮಾಡ್ಬೇಡ, ಸಲ್ಫೇಟ್ ತಾಗಿದ ಕೂಡ್ಲೇ ಬಿಳಿ ಲೆಡ್ ಸಲ್ಫೇಟ್ ಬಂದು ರಿಂಗ್ ಕಾಣಲ್ಲ. ಸೋಡಾ ಎಕ್ಸ್‌ಟ್ರ್ಯಾಕ್ಟಲ್ಲಿ (ಸಾಲ್ಟನ್ನ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ಸೋಸಿದ ನೀರು) ಮಾಡು, ಆದ್ರೆ ಮೊದ್ಲು ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ ಬುಸಬುಸ ಪೂರ್ತಿ ನಿಲ್ಲಿಸು, ಕಾರ್ಬೊನೇಟ್ ಉಳಿದ್ರೆ ಫೆರಸ್ ಅಲ್ಲೇ ಪ್ರೆಸಿಪಿಟೇಟ್ ಆಗತ್ತೆ. ಬ್ರೋಮೈಡ್, ಅಯೊಡೈಡ್ ಇದ್ರೂ ಕಂದು ಬರತ್ತೆ, ಅದು ಬ್ರೋಮಿನ್, ಅಯೊಡಿನ್‌ದು, ನಂಬ್ಬೇಡ.

ಪಿಯು_ಲ್ಯಾಬ್:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಥಯೋಸಯನೇಟ್ ಹಾಕಿದೆ, ಕಡು ಕೆಂಪು. ಮೋರ್ಸ್ ಸಾಲ್ಟ್ ಬೀರುವಿನ ಬೀಗ ತೆಗೆಸ್ಬೇಕು ಈಗ.