ಗೀಶಾ ಕ್ಲಾಸ್ ಕಟ್ಟುವುದು ಹೇಗೆ? ಶಾಮಿಸೆನ್ ಶಿಕ್ಷಕಿಯನ್ನು ಕೇಳಿ

ಶಿಕ್ಷಕಿ: ಜಪಾನಿನ ಕ್ಯೋಟೋದಲ್ಲಿ ಶಾಮಿಸೆನ್ ಅನ್ನುವ ಮೂರು ತಂತಿಯ ವಾದ್ಯ ಕಲಿತೆ, ಈಗ ಕಲಿಸುತ್ತೇನೆ. ಭಾನುವಾರ ನಾನೂ ಡೈಸ್ ಹಿಡಿದು ಕೂರುವವಳೇ. ಗೀಶಾ ಅಂದರೆ ಕೂಟಗಳಲ್ಲಿ ಹಾಡಿ ಕುಣಿಯುವ ಜಪಾನಿ ಕಲಾವಿದೆ. ಅವಳನ್ನು ಫ್ಯಾಂಟಸಿ ಆಟಕ್ಕೆ ಒಂದು ಕ್ಲಾಸ್ ಆಗಿ, ಅಂದರೆ ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆಯಾಗಿ, ತರುವ ಬಗ್ಗೆ ಕೇಳಿ.

ಪ್ರಶ್ನೆ: ಮೇಡಂ, ಆಟದಲ್ಲಿರುವ ಹಾಡುಗಾರ ಪಾತ್ರ ಬಾರ್ಡ್‌ಗೇ ಕಿಮೋನೊ ಉಡಿಸಿದರೆ ಸಾಕಲ್ವಾ?

ಶಿಕ್ಷಕಿ: ಸಾಲದು. ಬಾರ್ಡ್ ಊರೂರು ಅಲೆಯುತ್ತಾನೆ. ಗೀಶಾ ಒಂದು ಬೀದಿಗೆ, ಒಂದು ಮನೆಗೆ ಸೇರಿದವಳು. ಆ ಮನೆಗೆ ಓಕಿಯಾ ಅನ್ನುತ್ತಾರೆ.

ಪ್ರಶ್ನೆ: ಒಂದು ರೆಡಿ ಕ್ಲಾಸ್ ಫಾರ್ವರ್ಡ್ ಬಂದಿದೆ. ಮೋಹಿನಿ ಮಂತ್ರ, ಬೀಸಣಿಗೆಯಲ್ಲಿ ವಿಷದ ಚೂರಿ. ಬಳಸಬಹುದಾ?

ಶಿಕ್ಷಕಿ: ದಯವಿಟ್ಟು ಬೇಡ. ಅದರಲ್ಲಿ ಹಾಡೂ ಇಲ್ಲ, ಕುಣಿತವೂ ಇಲ್ಲ. ಗೀಶಾ ಅಂದರೆ ಕಲೆಯವಳು ಅಂತಲೇ ಅರ್ಥ.

ಪ್ರಶ್ನೆ: ಅವರು ವೇಶ್ಯೆಯರಲ್ವಾ?

ಶಿಕ್ಷಕಿ: ಅಲ್ಲ. ಹಳೆಯ ಯೋಶಿವಾರಾ ಎಂಬ ವೇಶ್ಯಾವಾಟಿಕೆಯಲ್ಲಿ ಅದು ಓಯಿರಾನ್ ಎಂಬ ಮೇಲ್ದರ್ಜೆಯ ವೇಶ್ಯೆಯರ ಕೆಲಸ, ಗೀಶಾಗೆ ನಿಷಿದ್ಧ. ಓಯಿರಾನ್ ಸೊಂಟದ ಪಟ್ಟಿ ಓಬಿಯನ್ನು ಮುಂದೆ ಕಟ್ಟುತ್ತಾಳೆ, ಗೀಶಾ ಹಿಂದೆ.

ಪ್ರಶ್ನೆ: ನಮ್ಮ ಆಟದ ಗುಂಪಿನಲ್ಲಿ ಒಬ್ಬ ಹುಡುಗ ಗಂಡು ಗೀಶಾ ಆಗ್ತೀನಿ ಅಂತಾನೆ. ಉಳಿದವರು ನಗುತ್ತಾರೆ. ಯುದ್ಧ ಬಂದರೆ ಅವನಿಗೆ ಏನು ಕೆಲಸ ಕೊಡಲಿ?

ಶಿಕ್ಷಕಿ: ಅವನನ್ನು ತಡೆಯಬೇಡಿ! ಮೊದಲ ಗೀಶಾಗಳು ಗಂಡಸರೇ. ಹಾಸ್ಯ ಮಾಡುತ್ತಾ, ಕಥೆ ಹೇಳುತ್ತಾ ಕೂಟ ನಡೆಸುತ್ತಿದ್ದರು. ತಾಯ್ಕೊಮೊಚಿ ಅಂತ ಹೆಸರು. ಹೆಂಗಸರು ಬಂದದ್ದು 18ನೇ ಶತಮಾನದಲ್ಲಿ.

ಕತ್ತಿ ಕೊಡಬೇಡಿ, ಹೊತ್ತು ಕೊಡಿ. ಹಿಂದೆ ಗೀಶಾಳ ಸಮಯವನ್ನು ಊದುಬತ್ತಿ ಉರಿಯುವುದರಲ್ಲಿ ಅಳೆದು, ಅದರ ಲೆಕ್ಕದಲ್ಲೇ ಹಣ ಕೊಡುತ್ತಿದ್ದರು. ನಿಮ್ಮ ಆಟದಲ್ಲಿ ಬತ್ತಿ ಉರಿಯುವಷ್ಟು ಸುತ್ತು ಆ ಕೋಣೆಯಲ್ಲಿ ಯಾರೂ ಕತ್ತಿ ಎತ್ತುವಂತಿಲ್ಲ. ಅಷ್ಟರಲ್ಲಿ ಅವನು ಶತ್ರುವನ್ನು ತೋರಾ ತೋರಾಗೆ ಕರೆಯಲಿ. ಕೂಟದಲ್ಲಿ ನಿಜವಾಗಿ ಆಡುವ ಆಟ ಅದು. ಪರದೆಯ ಎರಡು ಕಡೆಯಿಂದ ಇಬ್ಬರು ಹುಲಿ, ಯೋಧ ಅಥವಾ ಮುದುಕಿಯಾಗಿ ಹೊರಗೆ ಬರುತ್ತಾರೆ. ಯೋಧ ಹುಲಿಯನ್ನು ಗೆಲ್ಲುತ್ತಾನೆ, ಹುಲಿ ಮುದುಕಿಯನ್ನು. ಮುದುಕಿ ಯೋಧನ ತಾಯಿ, ಅವನು ಅವಳಿಗೆ ಸೋಲುತ್ತಾನೆ. ಇದಕ್ಕೆ ಡೈಸೇ ಬೇಡ! ಲೆವೆಲ್ ಏರಿದ ಮೇಲೆ ಎರಡು ದಾರಿ ಇಡಿ: ಕುಣಿಯುವ ತಾಚಿಕಾತಾ, ಹಾಡಿ ನುಡಿಸುವ ಜಿಕಾತಾ. ಕ್ಯೋಟೋದಲ್ಲಿ ಇಂದಿಗೂ ಹೀಗೇ ಇದೆ.

ಪ್ರಶ್ನೆ: ಕಿಮೋನೊಗೆ ಆರ್ಮರ್, ಅಂದರೆ ಏಟು ತಡೆಯುವ ಅಂಕ, ಎಷ್ಟು?

ಸದಸ್ಯ: ಡ್ರ್ಯಾಗನ್ ಇರುವ ಲೋಕದಲ್ಲಿ ಓಬಿ ಹಿಂದೋ ಮುಂದೋ ಯಾರಿಗೆ ಬೇಕು?

ಇನ್ನೊಬ್ಬ ಸದಸ್ಯ: ಮೊನ್ನೆ ಕತ್ತಿಯ ತೂಕ ತಪ್ಪು ಅಂತ ಒಂದು ಗಂಟೆ ಜಗಳ ಆಡಿದ್ದು ನೀವೇ ತಾನೇ? ಕತ್ತಿಗೆ ಮಾತ್ರ ಮರ್ಯಾದೆಯಾ?

ಸದಸ್ಯ: ಆಟ ಆಡೋಕೆ ಬಂದಿದ್ದೀನಿ, ಪಾಠ ಕೇಳೋಕಲ್ಲ.

ಇನ್ನೊಬ್ಬ ಸದಸ್ಯ: ಹಾಗಾದರೆ ಸುಮ್ನೆ ಇರಿ. ನಮಗೆ ಕೇಳಬೇಕು.

ಪ್ರಶ್ನೆ: ಬಾರ್ಡ್‌ಗೆ ಕಿಮೋನೊ ಹಾಕಿದರೆ ಆಗಲ್ವಾ?

ಶಿಕ್ಷಕಿ: ಮೇಲೆ ಹೇಳಿದ್ದೇನೆ.

ಪ್ರಶ್ನೆ: ಗೀಶಾಗಳು ವೇಶ್ಯೆಯರೇ ಅಂತ ನನಗೊಂದು ಮೆಸೇಜ್ ಬಂದಿದೆ, ಹಾಕಲಾ?

ಶಿಕ್ಷಕಿ: ಹಾಕಬೇಡಿ. ಅಳಿಸಿ.

ಪ್ರಶ್ನೆ: ಲೆವೆಲ್ ಏರಿದ್ದು ಬಟ್ಟೆಯಲ್ಲಿ ಕಾಣುತ್ತಾ?

ಶಿಕ್ಷಕಿ: ಕಾಣುತ್ತೆ. ಕಲಿಯುವ ಮೈಕೋಳ ಕಾಲರ್ ಮೊದಲು ಕೆಂಪು. ಪೂರ್ಣ ಗೇಕೋ (ಕ್ಯೋಟೋದಲ್ಲಿ ಗೀಶಾಗೆ ಇದೇ ಹೆಸರು) ಆದ ದಿನ ಅಪ್ಪಟ ಬಿಳಿ. ಆ ದಿನಕ್ಕೆ ಎರಿಕಾಯೆ ಅನ್ನುತ್ತಾರೆ. ಅದಕ್ಕೆ ಒಂದು ಇಡೀ ಸೆಷನ್ ಕೊಡಿ.

ಪ್ರಶ್ನೆ: ಮೇಡಂ, ಕಿಮೋನೊ ಆರ್ಮರ್?