15 ಸಾವಿರದಲ್ಲಿ ಹಳೇ ಸ್ವಿಫ್ಟ್‌ಗೆ ಯಾವ ಸಸ್ಪೆನ್ಶನ್ ಹಾಕಿಸಲಿ?

ಶಹಾಬಾದ್_ರೋಡ್

ನಮಸ್ಕಾರ ಎಲ್ಲರಿಗೂ. ಗಾಡಿ 2013ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. 90 ಸಾವಿರ ಕಿಲೋಮೀಟರ್ ದಾಟಿದೆ. ಮನೆ ಕಲಬುರಗಿ, ಕೆಲಸ ವಾಡಿಯಲ್ಲಿ. ಆ ಕಡೆ ಓಡಾಡುವವರಿಗೆ ರಸ್ತೆ ಬಗ್ಗೆ ಹೇಳೋದೇ ಬೇಡ. ಸಿಮೆಂಟ್ ಲಾರಿ, ಫರಸಿ ಕಲ್ಲಿನ ಲಾರಿ ಓಡಿ ಓಡಿ ಡಾಂಬರಿನಲ್ಲಿ ಚಕ್ರದ ಹಾದಿ ಬಿದ್ದಿದೆ, ಉಳಿದ ಕಡೆ ತಗ್ಗು ದಿನ್ನೆ.

ಈಗ ಆಗ್ತಿರೋದು ಏನಂದ್ರೆ, ಊರೊಳಗೆ ಸಣ್ಣ ತಗ್ಗಿಗೆ ಇಳಿದರೂ ಮುಂದಿನ ಎಡಗಡೆ ಕಟಕಟ ಸದ್ದು. ಹೊರಗೆ 70-80ರಲ್ಲಿ ಹೋಗುವಾಗ ರಸ್ತೆ ಸ್ವಲ್ಪ ಏರಿಳಿದರೆ ಸಾಕು, ಗಾಡಿ ತೇಲಿದ ಹಾಗೆ ಎರಡು ಮೂರು ಸಲ ಮೇಲೆ ಕೆಳಗೆ ಆಗುತ್ತೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಗಾಣಗಾಪುರಕ್ಕೆ ಹೋದರಂತೂ ಪ್ರತಿ ಹಂಪ್‌ಗೂ ಹಿಂದೆ ಧಡ್ ಅನ್ನುತ್ತೆ, ಅಮ್ಮ ಪ್ರತಿ ಸಲ ನನ್ನನ್ನೇ ಬೈತಾರೆ.

ವಿಚಾರಿಸಿದ ಕಡೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಸ್ಪ್ರಿಂಗ್ ಸುರುಳಿ ನಡುವೆ ರಬ್ಬರ್ ಹಾಕಿಸಿ ಅಂತಾರೆ, ಇನ್ನೊಬ್ಬರು ಹೈದರಾಬಾದ್‌ನಿಂದ ಕಾಯ್ಲೋವರ್, ಅಂದ್ರೆ ಎತ್ತರ ಏರಿಸಿ ಇಳಿಸಬಹುದಾದ ಸ್ಪ್ರಿಂಗ್ ಶಾಕಪ್ ಸೆಟ್, ತರಿಸಿ ಅಂತಾರೆ. ತಮ್ಮ 16 ಇಂಚಿನ ಅಲಾಯ್ ಹಾಕಿಸು, ಗಾಡಿ ಲುಕ್ಕೇ ಬದಲಾಗುತ್ತೆ ಅಂತಾನೆ. ಕೈಯಲ್ಲಿರೋದು 15 ಸಾವಿರ, ಕೂಲಿ ಸೇರಿ. ರೇಸ್ ಏನೂ ಬೇಡ, ಈ ರಸ್ತೆಯಲ್ಲಿ ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಓಡಿದರೆ ಸಾಕು. ಏನು ಹಾಕಿಸಲಿ?

ಬೀದರ್_ಬಿಳಿಕುದುರೆ

ಅಣ್ಣಾ, ಮುಂದೆ ಹಿಂದೆ ಗ್ಯಾಸ್ ಶಾಕಪ್ ಹಾಕಿಸಿ, ಜೊತೆಗೆ 30 ಮಿಲಿಮೀಟರ್ ಇಳಿಸುವ ಗಟ್ಟಿ ಸ್ಪ್ರಿಂಗ್ ಸೆಟ್ ಹಾಕಿಸಿ. ನನ್ನ ಗಾಡಿಗೆ ಹಾಗೇ ಮಾಡಿಸಿದ್ದೀನಿ. ಹುಮನಾಬಾದ್ ದಾಟಿ ಹೈದರಾಬಾದ್ ಹೈವೇ ಹತ್ತಿದರೆ ರಸ್ತೆಗೆ ಅಂಟಿಕೊಂಡು ಹೋಗುತ್ತೆ, ತಿರುವಿನಲ್ಲಿ ವಾಲೋದೇ ಇಲ್ಲ. ಬಜೆಟ್ ಸ್ವಲ್ಪ ಮೇಲೆ ಹೋಗುತ್ತೆ ಅಷ್ಟೇ. ಒಂದೇ ಸಲ ಖರ್ಚು, ಮಾಡಿಬಿಡಿ.

ಯಾದಗಿರಿ_ಪಾನಾ

ಬೀದರ್ ತಮ್ಮ, ನಿನ್ನ ರಸ್ತೆ ನಾಲ್ಕು ಲೇನಿನದು. ಅವರು ಹೋಗೋದು ವಾಡಿಗೆ. ಆ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್, ಅದೂ ಖಾಲಿ ಇದ್ದಾಗ. ಅದರಲ್ಲಿ 30 ತೆಗೆದು, ಐದು ಜನ ಕೂತು, ಹಳ್ಳಿ ಮುಂದಿನ ಹಂಪ್ ಹತ್ತಿಸಿದರೆ ಏನು ತಗಲುತ್ತೆ ಅಂತ ನೀನೇ ಹೇಳು. ಸ್ಪ್ರಿಂಗ್ ಗಿಡ್ಡ ಆದರೆ ಚಕ್ರ ಮೇಲೆ ಹೋಗೋಕೆ ಇರುವ ಜಾಗವೂ ಕಡಿಮೆ ಆಗುತ್ತೆ. ಧಡ್ ಅನ್ನೋದು ಜಾಸ್ತಿ ಆಗುತ್ತೆ, ಕಡಿಮೆ ಆಗಲ್ಲ.

ಸರ್, ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲಾನೂ ಸೇರಿಸಿ ಸಸ್ಪೆನ್ಶನ್ ಹೋಗಿದೆ ಅಂತ ಅಂಗಡಿಗೆ ಹೋದರೆ ಅವರ ಹತ್ತಿರ ಯಾವ ಮಾಲು ಇದೆಯೋ ಅದನ್ನೇ ಹಾಕಿ ಕಳಿಸ್ತಾರೆ.

ಮೊದಲು ಕಟಕಟ. ನಿಧಾನಕ್ಕೆ ಹೋಗುವಾಗ ಸಣ್ಣ ತಗ್ಗಿಗೆ ಬರುವ ಸದ್ದು ಬಹಳ ಸಲ ಶಾಕಪ್‌ದಲ್ಲ, ಲಿಂಕ್ ರಾಡ್‌ದು, ಅಂದ್ರೆ ಗಾಡಿ ವಾಲದ ಹಾಗೆ ಹಿಡಿಯುವ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕೊಂಡಿ. ಅದು ಬಿಟ್ಟರೆ ಸ್ಟ್ರಟ್ (ಮುಂದಿನ ಸ್ಪ್ರಿಂಗ್ ಶಾಕಪ್ ಜೋಡಿ) ಬಾಡಿಗೆ ಕೂರುವ ಮೌಂಟ್, ಚಕ್ರ ಹಿಡಿಯುವ ಲೋವರ್ ಆರ್ಮ್‌ನ ರಬ್ಬರ್ ಬುಶ್, ಬಾಲ್ ಜಾಯಿಂಟ್. ಬಾನೆಟ್ ಎತ್ತಿ, ಸ್ಟ್ರಟ್ ತಲೆ ಮೇಲೆ ಕೈ ಇಟ್ಟುಕೊಂಡು, ಇನ್ನೊಬ್ಬರಿಗೆ ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸೋಕೆ ಹೇಳಿ. ಸ್ಪ್ರಿಂಗ್ ತಿರುಚಿಕೊಂಡು ಟಣ್ ಅಂತ ಜಿಗಿದ ಹಾಗೆ ಕೈಗೆ ಬಂದರೆ ಮೌಂಟ್ ಬೇರಿಂಗ್ ಹೋಗಿದೆ. ಲಿಂಕ್ ರಾಡ್ ಅಂತೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೇ ಗೊತ್ತಾಗುತ್ತೆ. ಅಗ್ಗದ ಸಾಮಾನು ಇದು. ಇದರ ಸದ್ದಿಗೆ ಜನ ಶಾಕಪ್ ಬದಲಾಯಿಸಿಕೊಂಡು, ಸದ್ದು ಹೋಗಿಲ್ಲ ಅಂತ ನಮ್ಮ ಹತ್ತಿರ ಬರ್ತಾರೆ.

ಎರಡನೇದು ತೇಲೋದು. ಇದು ಶಾಕಪ್ ಕೆಲಸ. ಸ್ಪ್ರಿಂಗ್ ಗಾಡಿ ಭಾರ ಹೊರುತ್ತೆ, ಶಾಕಪ್ ಹೊರಲ್ಲ. ಅದರೊಳಗೆ ಪಿಸ್ಟನ್ ಸಣ್ಣ ತೂತುಗಳಲ್ಲಿ ಆಯಿಲ್ ತಳ್ಳುತ್ತೆ, ಸ್ಪ್ರಿಂಗ್ ಕುಣಿಯುವ ಜೋರೆಲ್ಲ ಅಲ್ಲಿ ಬಿಸಿಯಾಗಿ ಹೋಗುತ್ತೆ. ಸೀಲ್ ಸವೆದು ಆಯಿಲ್ ಇಳಿದರೆ ಹಿಡಿಯೋರು ಯಾರೂ ಇಲ್ಲ, ಸ್ಪ್ರಿಂಗ್ ತನ್ನಷ್ಟಕ್ಕೆ ಕುಣಿಯುತ್ತೆ. ನಮ್ಮ ಕಡೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯೋದರಿಂದ ಮೇಲಿನ ರಸ್ತೆ ಅಲೆ ಅಲೆ ಆಗಿರುತ್ತೆ ಅಲ್ವಾ. ಡಾಂಬರ್ ಹೊಸದಿದ್ದರೂ ಅಲೆ ಹೋಗಲ್ಲ. ಈ ಅಲೆ ಬೇರೆ, ತಗ್ಗು ಬೇರೆ. ತಗ್ಗು ಒಂದೇ ಏಟು, ಅದನ್ನು ಅರ್ಧ ಟೈರೇ ನುಂಗುತ್ತೆ. ಅಲೆಗೆ ಮಾತ್ರ ಒಳ್ಳೆ ಶಾಕಪ್ಪೇ ಬೇಕು.

ಬಂಪರ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತೆ ಅಂತ ನೋಡುವ ಪರೀಕ್ಷೆ ಎಲ್ಲರೂ ಮಾಡ್ತಾರೆ, ಮಾಡಿ. ಆದರೆ ಅದರಲ್ಲಿ ಪೂರ್ತಿ ಸತ್ತ ಶಾಕಪ್ ಮಾತ್ರ ಸಿಕ್ಕಿಬೀಳೋದು, ಅರ್ಧ ಹೋಗಿದ್ದು ಪಾಸಾಗಿಬಿಡುತ್ತೆ. ಬದಲಿಗೆ ಕೆಟ್ಟ ರಸ್ತೆಯಲ್ಲಿ ಒಂದು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಿಂದಿನ ಎರಡೂ ಶಾಕಪ್ ಮುಟ್ಟಿ ನೋಡಿ, ಸೈಲೆನ್ಸರ್‌ಗೆ ಕೈ ತಾಗದ ಹಾಗೆ ಹುಷಾರು. ಒಂದು ಬಿಸಿ ಇದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರೋದು ಕೆಲಸ ಮಾಡ್ತಿಲ್ಲ. ಹೊರಗೆ ಸ್ವಲ್ಪ ಆಯಿಲ್ ಪಸೆ ಇದ್ದರೆ ಪರವಾಗಿಲ್ಲ, ತೊಟ್ಟಿಕ್ಕುತ್ತಿದ್ದರೆ ಮುಗೀತು.

ಮೂರನೇದು ಹಿಂದಿನ ಧಡ್. ಬಂಪ್ ಸ್ಟಾಪ್, ಅಂದ್ರೆ ಚಕ್ರ ತೀರಾ ಮೇಲೆ ಬಂದಾಗ ಏಟು ತಡೆಯುವ ರಬ್ಬರ್, ಪುಡಿಯಾಗಿರಬೇಕು, ಇಲ್ಲ ಸ್ಪ್ರಿಂಗ್ ಕುಸಿದಿರಬೇಕು. ಸಮ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು ಇಲ್ಲಿ ಹಾಕಿ. ಗೆಳೆಯರದ್ದು ಯಾರದಾದರೂ ಅದೇ ಮಾಡೆಲ್ ಇದ್ದರೆ ಅದನ್ನೂ ಅಳೆಯಿರಿ. ಅಲ್ಲಿವರೆಗೆ ಒಂದು ರೂಪಾಯಿನೂ ಬಿಚ್ಚಬೇಡಿ.

ಭಾಲ್ಕಿ_ಕಾಕಾ

ಶಾಕಪ್ ಮಾತು ಒಪ್ಪಿದೆ. ಆದರೆ ಹಿಂದೆ ಸ್ಪ್ರಿಂಗ್‌ಗೆ ರಬ್ಬರ್ ಹಾಕಿಸೋದರಲ್ಲಿ ತಪ್ಪೇನಿದೆ? ನನ್ನ ವ್ಯಾಗನ್ ಆರ್‌ಗೆ ಹಾಕಿಸಿ ಬಹಳ ದಿನ ಆಯ್ತು. ಸುಗ್ಗಿಯಲ್ಲಿ ತೊಗರಿ ಚೀಲ ಡಿಕ್ಕಿಯಲ್ಲಿ ಹಾಕ್ಕೊಂಡು ಹೋಗ್ತೀನಿ, ಹಿಂದೆ ಕೂರೋದೇ ಇಲ್ಲ. ಕಡಿಮೆ ಖರ್ಚಿನ ಕೆಲಸಕ್ಕೆ ಯಾಕಪ್ಪಾ ಇಷ್ಟು ಅಳತೆ ಲೆಕ್ಕ.

ಯಾದಗಿರಿ_ಪಾನಾ

ಕಾಕಾ, ನಿಮಗೆ ಸರಿ, ಯಾಕಂದ್ರೆ ನಿಮ್ಮ ಗಾಡಿ ಭಾರ ಹೊತ್ತೇ ಓಡುತ್ತೆ. ರಬ್ಬರ್ ಇಟ್ಟರೆ ಆ ಜಾಗದ ಸುರುಳಿ ಕೆಲಸ ನಿಲ್ಲಿಸುತ್ತೆ, ಉಳಿದದ್ದು ಗಟ್ಟಿಯಾಗುತ್ತೆ. ಭಾರ ಇದ್ದಾಗ ಚೆನ್ನ. ಇವರು ವಾರ ಪೂರ್ತಿ ಒಬ್ಬರೇ ಹೋಗೋರು. ಖಾಲಿ ಗಾಡಿಯಲ್ಲಿ ಹಿಂದೆ ಮಾತ್ರ ಗಟ್ಟಿ ಮಾಡಿದರೆ ಹಿಂಭಾಗ ಜಿಗಿಯುತ್ತೆ, ಮಳೆಯಲ್ಲಿ ತಿರುವಿಗೆ ಹೋದಾಗ ಹಿಂದೆ ಜಾರುವ ಸ್ವಭಾವವೂ ಬರುತ್ತೆ. ಇನ್ನೊಂದು, ಸುರುಳಿ ನಡುವೆ ಕಲ್ಲು ಧೂಳು ಕೂತು ಪೇಂಟ್ ಕಿತ್ತು ಅಲ್ಲೇ ತುಕ್ಕು ಹಿಡಿಯುತ್ತೆ. ಆಗಾಗ ತೆಗೆದು ತೊಳೆಯಬೇಕು, ಯಾರು ತೊಳೀತಾರೆ?

ಹಾಗೇ ಒಂದು ಲೆಕ್ಕ. ಐದು ಜನ ದೊಡ್ಡವರು ಅಂದ್ರೆ ಸುಮಾರು 325 ಕಿಲೋ, 50 ಕಿಲೋದ ಎರಡು ಚೀಲ ಹಾಕಿದರೆ 425. ಸಣ್ಣ ಕಾರಿಗೆ ಅದು ಹೆಚ್ಚುಕಡಿಮೆ ಕೊನೇ ಮಿತಿ. ರಬ್ಬರ್ ಹಾಕಿದರೆ ಗಾಡಿ ಎತ್ತರ ನಿಲ್ಲುತ್ತೆ ಹೊರತು ಬ್ರೇಕ್, ಟೈರ್ ಶಕ್ತಿ ಜಾಸ್ತಿ ಆಗಲ್ಲ.

ಭಾಲ್ಕಿ_ಕಾಕಾ

ನಾನಂತೂ ತೆಗೆಸಲ್ಲ ನೋಡಪ್ಪಾ.

ಟೈರ್_ಪಂಡಿತ_ಸೇಡಂ

ತಮ್ಮನ 16 ಇಂಚಿನ ಅಲಾಯ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳ್ತೀನಿ. ನಿಮ್ಮ ವಿಎಕ್ಸ್‌ಐಗೆ ಕಂಪನಿ ಕೊಟ್ಟಿದ್ದು 165/80 ಆರ್14, ಅಂದ್ರೆ ಅಗಲ 165 ಮಿಲಿಮೀಟರ್, ಗೋಡೆ ಅದರ ಶೇಕಡಾ 80, ರಿಮ್ 14 ಇಂಚು. ಅದರ ಪಕ್ಕದ ಗೋಡೆ 132 ಮಿಲಿಮೀಟರ್. ಝಡ್‌ಎಕ್ಸ್‌ಐಯ 185/65 ಆರ್15ರದ್ದು 120. 16ಕ್ಕೆ ಹೊಂದುವ 195/55ಕ್ಕೆ ಹೋದರೆ 107. ಮೂರರ ಒಟ್ಟು ಎತ್ತರ ಒಂದೇ, ಸುಮಾರು 620. ಅಂದ್ರೆ ರಿಮ್ ದೊಡ್ಡದಾದಷ್ಟು ರಬ್ಬರ್ ಕಡಿಮೆ. ತಗ್ಗಿಗೆ ಬಿದ್ದಾಗ ಮೊದಲು ಮಡಚಿಕೊಳ್ಳೋದು ಆ ಗೋಡೆಯೇ. ಅದು ಕಡಿಮೆ ಆದರೆ ರಿಮ್ ಬೆಂಡ್, ಟೈರ್‌ಗೆ ಗುಳ್ಳೆ. 14ರಲ್ಲೇ ಇರಿ. ಹಾಗೇ ಗಾಳಿ ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಬರೆದಷ್ಟೇ ಹಾಕಿ. ಪಂಪ್‌ನಲ್ಲಿ ಹುಡುಗರು ಕೇಳದೇ 40 ತುಂಬಿಬಿಡ್ತಾರೆ, ಆಮೇಲೆ ಗಾಡಿ ಕುಟ್ಟುತ್ತೆ ಅಂತ ಸಸ್ಪೆನ್ಶನ್‌ಗೆ ಬೈಯೋದು.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಸವೆದ ಶಾಕಪ್ ತೆಗೆದು ಅದೇ ಅಳತೆಯದು ಹಾಕಿದರೆ ಯಾರೂ ಕೇಳಲ್ಲ. ಗಾಡಿ ಇಳಿಸಿ ಏರಿಸಿ ಆಟ ಆಡಿದರೆ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.

ಶಹಾಬಾದ್_ರೋಡ್

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಓಣಿ ಉಸ್ತಾದ್ ಹತ್ತಿರ ಜಾಕ್ ಹಾಕಿಸಿ ನೋಡಿದೆ. ಮುಂದಿನ ಎಡಗಡೆ ಲಿಂಕ್ ರಾಡ್ ಪೂರ್ತಿ ಸಡಿಲ. ಎರಡೂ ಸ್ಟ್ರಟ್ ಮೌಂಟ್ ರಬ್ಬರ್ ಬಿರಿದಿದೆ. ಹಿಂದಿನ ಬಲಗಡೆ ಶಾಕಪ್ ಆಯಿಲ್ ಸುರಿದು ಧೂಳು ಮೆತ್ತಿಕೊಂಡು ಕಪ್ಪಗಾಗಿದೆ. ಹಿಂದೆ ಬಂಪ್ ಸ್ಟಾಪ್ ಮುಟ್ಟಿದ್ದೇ ತಡ ಉದುರಿತು. ಎತ್ತರ ಎಡ ಬಲಕ್ಕೆ 5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇಲ್ಲ, ಪಕ್ಕದ ಮನೆಯವರ ಸ್ವಿಫ್ಟ್ ಜೊತೆಗೂ ಸರಿಯಾಗೇ ಇದೆ. ಲೋವರ್ ಆರ್ಮ್ ಬುಶ್ ಸ್ವಲ್ಪ ಬಿರುಕು ಅಂದರು. ಈಗ ಏನೇನು ತರಲಿ? ಆಯಿಲ್‌ದಾ, ಗ್ಯಾಸ್‌ದಾ?

ಯಾದಗಿರಿ_ಪಾನಾ

ಹಾಗಿದ್ದರೆ ಸ್ಪ್ರಿಂಗ್ ಮುಟ್ಟಬೇಡಿ, ದುಡ್ಡು ಉಳೀತು. ಕಾಯ್ಲೋವರ್ ಮಾತು ಮರೆತುಬಿಡಿ, ಅದು ನಿಮ್ಮ ಬಜೆಟ್‌ನ ಎಷ್ಟೋ ಪಟ್ಟು.

ಶಾಕಪ್ ನಾಲ್ಕೂ ಹೊಸದು ಹಾಕಿಸಿ. ಒಂದೇ ಹೋಗಿದೆ ಅಂತ ಒಂದೇ ಹಾಕಿಸಬಾರದು. ದುಡ್ಡು ಸಾಲದಿದ್ದರೆ ಈ ತಿಂಗಳು ಹಿಂದಿನ ಜೋಡಿ, ಮುಂದಿನ ತಿಂಗಳು ಮುಂದಿನ ಜೋಡಿ, ಆದರೆ ಜೋಡಿಯಾಗೇ. ಗ್ಯಾಸ್ ಅಂದ್ರೆ ಪೂರ್ತಿ ಗ್ಯಾಸ್ ಅಲ್ಲ ಸರ್, ಆಯಿಲ್ ಜೊತೆ ನೈಟ್ರೋಜನ್ ಒತ್ತಡ ಇರುತ್ತೆ. ಕೆಟ್ಟ ರಸ್ತೆಯಲ್ಲಿ ಬಿಡದೆ ಓಡಿದಾಗ ಆಯಿಲ್ ನೊರೆ ಬರೋದನ್ನು ಅದು ತಡೆಯುತ್ತೆ. ನಿಮ್ಮ ರಸ್ತೆಗೆ ಅದು ಒಳ್ಳೆಯದು, ರೇಟ್ ತೀರಾ ಜಾಸ್ತಿ ಅನಿಸದಿದ್ದರೆ ತಗೊಳ್ಳಿ. ಗೇಬ್ರಿಯಲ್, ಮನ್ರೋ ಅಥವಾ ಮಾರುತಿದೇ ಜೆನ್ಯೂನ್, ಯಾವುದಾದರೂ ಸರಿ, ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ಬಾಕ್ಸ್ ಒಂದೇ ಥರ ಕಾಣುವ ಡೂಪ್ಲಿಕೇಟ್ ಬಹಳ ಇವೆ. ಚಾಸಿ ನಂಬರ್ ತೋರಿಸಿ ಪಾರ್ಟ್ ನಂಬರ್ ಹೊಂದಿಸಿ, ಡೀಸೆಲ್ ಸ್ವಿಫ್ಟ್‌ನ ಮುಂದಿನದು ಪೆಟ್ರೋಲ್‌ಗೆ ಕೊಟ್ಟುಬಿಡ್ತಾರೆ.

ಅಂದಾಜು ಹೇಳ್ತೀನಿ, ಊರಿಂದ ಊರಿಗೆ ರೇಟ್ ಬೇರೆ ಇರುತ್ತೆ. ನಾಲ್ಕು ಶಾಕಪ್‌ಗೆ 8 ಸಾವಿರದ ಆಸುಪಾಸು. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಸೇರಿ 3 ಸಾವಿರ. ಲಿಂಕ್ ರಾಡ್ ಜೋಡಿ ಸಾವಿರದ ಒಳಗೇ ಬರಬಹುದು. ಉಳಿದದ್ದು ಕೂಲಿ, ಅಲೈನ್‌ಮೆಂಟ್. ಸ್ಟ್ರಟ್ ಹೇಗೂ ಬಿಚ್ಚುವಾಗ ಮೌಂಟ್ ಹಳೇದೇ ಬಿಡಬೇಡಿ, ಆಮೇಲೆ ಅದಕ್ಕೇ ಇನ್ನೊಂದು ಸಲ ಕೂಲಿ.

ಹಾಕುವಾಗ ನೀವು ಪಕ್ಕದಲ್ಲಿ ನಿಂತು ನೋಡಿ. ಹೊಸ ಶಾಕಪ್ ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆದು ಆಮೇಲೆ ಹಾಕಬೇಕು, ಒಳಗಿನ ಗಾಳಿ ಹೋಗುತ್ತೆ. ನಡುವಿನ ರಾಡ್‌ಗೆ ಇಕ್ಕಳ ಹಾಕಿ ಹಿಡಿಯೋಕೆ ಬಿಡಬೇಡಿ, ಗೀರು ಬಿದ್ದರೆ ಸೀಲ್ ಬೇಗ ಹರಿಯುತ್ತೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಗ್ಗ, ಸರಳು ಹಾಕಿ ಸ್ಟ್ರಟ್ ಬಿಚ್ಚುವವರ ಹತ್ತಿರ ಹೋಗಲೇಬೇಡಿ, ಸ್ಪ್ರಿಂಗ್ ಹಾರಿದರೆ ಜೀವಕ್ಕೆ ಅಪಾಯ.

ಬುಶ್ ಬಿರುಕು ಮೇಲ್ಮೇಲೆ ಇದ್ದರೆ ಈಗ ಬಿಡಿ. ಹಾಕಿಸೋದೇ ಆದರೆ ಆ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲೆ ತೂಗುತ್ತಿರುವಾಗ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊನೇ ಬಿಗಿ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಹೊಸ ಬುಶ್ ಹಾಕಿಸಿದೆ, ಬೇಗ ಹೋಯ್ತು ಅಂತ ಬರುವವರಲ್ಲಿ ಬಹಳ ಜನರದ್ದು ಇದೇ ಕಥೆ.

ಶಹಾಬಾದ್_ರೋಡ್

ಲಿಸ್ಟ್ ಬರಕೊಂಡೆ. ಸೋಲಾಪುರಕ್ಕೆ ಹೋಗುವವರೊಬ್ಬರಿದ್ದಾರೆ, ಅಲ್ಲಿನ ರೇಟ್ ಕೇಳಿ ಆಮೇಲೆ ಇಲ್ಲಿ ತಗೋತೀನಿ. ಅಲೈನ್‌ಮೆಂಟ್ ಅವತ್ತೇ ಮಾಡಿಸಬೇಕಾ, ಸ್ವಲ್ಪ ಓಡಿಸಿ ಮಾಡಿಸಬೇಕಾ?

ಟೈರ್_ಪಂಡಿತ_ಸೇಡಂ

ಅವತ್ತೇ. ಸ್ಟ್ರಟ್ ಬಿಚ್ಚಿದ ಮೇಲೆ ಟೋ (ಚಕ್ರ ಒಳಗೆ ಹೊರಗೆ ತಿರುಗಿರುವ ಕೋನ) ಬದಲಾಗೇ ಇರುತ್ತೆ, ಹಾಗೇ ಓಡಿಸಿದರೆ ಟೈರ್ ಅಂಚು ತಿನ್ನುತ್ತೆ. ಮೊದಲಿನ ಮತ್ತು ಆಮೇಲಿನ ಎರಡೂ ರೀಡಿಂಗ್ ಪ್ರಿಂಟ್ ಕೇಳಿ ತಗೊಳ್ಳಿ. ತಮ್ಮನಿಗೆ ಅಲಾಯ್ ಬೇಕೇ ಬೇಕು ಅಂದ್ರೆ 14ರದ್ದೇ ಕೊಡಿಸಿ.